ಬಾಗಿಲ ಮೇಲಿನ ಬೋರ್ಡಿಗೆ ಬೆಲೆ ಎಷ್ಟು?

ಡಾಲಸ್ ಕಡೆಗೆ ಬಂದರೆ ಕೆಲವು ಆಸ್ಪತ್ರೆ, ರೆಸ್ಟೋರೆಂಟುಗಳ ಬಾಗಿಲ ಮುಂದೆ ಒಂದು ನಿಮಿಷ ನಿಂತು ನೋಡಿ. ಒಂದು ಇಂಚು ಎತ್ತರದ ದಪ್ಪ ಅಕ್ಷರಗಳಲ್ಲಿ ಉದ್ದನೆಯ ಬರಹವೊಂದು ಕಾಣುತ್ತದೆ. ಮೇಲೆ ಇಂಗ್ಲಿಷ್, ಕೆಳಗೆ ಅದೇ ಮಾತು ಸ್ಪ್ಯಾನಿಷ್‌ನಲ್ಲಿ. ಓದೋಕೆ ಹೋದರೆ ಯಾವುದೋ ಕರಾರುಪತ್ರ ಓದಿದ ಹಾಗಾಗುತ್ತೆ. ಸಾರಾಂಶ ಇಷ್ಟೇ: ದಂಡ ಸಂಹಿತೆಯ 30.06ನೇ ಕಲಮಿನ ಪ್ರಕಾರ, ಲೈಸೆನ್ಸ್ ಇದ್ದವರು ಕೂಡ ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿಟ್ಟುಕೊಂಡು ಈ ಜಾಗಕ್ಕೆ ಬರುವಂತಿಲ್ಲ.

'ಗನ್ ತರಬೇಡಿ' ಅನ್ನೋದಕ್ಕೆ ಇಷ್ಟೊಂದು ಮಾತು ಯಾಕೆ? ನಾನು ಈ ಊರಿಗೆ ಬಂದ ಹೊಸತರಲ್ಲಿ ನನಗೆ ಅನ್ನಿಸಿದ್ದೂ ಇದೇ. ನಾನು ಹಾಸನದವನು. ನಮ್ಮ ಕಡೆ ಗನ್ ಅಂದರೆ ಬ್ಯಾಂಕಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತ ಕಾವಲುಗಾರನ ಕೈಯಲ್ಲಿದ್ದದ್ದು. ಪಕ್ಕದ ಕೊಡಗಿನ ಮನೆಗಳಲ್ಲಿ ಕೋವಿ ಇರುತ್ತೆ ಅಂತ ಗೊತ್ತಿತ್ತು, ಆದರೆ ಅದು ಎಲ್ಲರಿಗೂ ಕಾಣುವ ಹಾಗೆ ಇರುವಂಥದ್ದು, ಪೂಜೆ ಮಾಡುವಂಥದ್ದು. ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿನವನ ಷರ್ಟಿನ ಕೆಳಗೆ ಪಿಸ್ತೂಲು ಇರಬಹುದು, ಅದು ಕಾನೂನುಬದ್ಧವೂ ಆಗಿರಬಹುದು ಅನ್ನೋದು ನನ್ನ ಕಲ್ಪನೆಯಲ್ಲೇ ಇರಲಿಲ್ಲ.

ಟೆಕ್ಸಾಸ್‌ನಲ್ಲಿ ಇರುತ್ತದೆ. ಇಲ್ಲಿ ಲೈಸೆನ್ಸ್ ಪಡೆದು ಪಿಸ್ತೂಲನ್ನು ಮರೆಯಲ್ಲಿಟ್ಟುಕೊಂಡು ಓಡಾಡಲು ಅವಕಾಶ ಕೊಡುವ ಕಾನೂನಿಗೆ 1995ರಲ್ಲಿ ಆಗಿನ ಗವರ್ನರ್ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದರು. 1996ರ ಜನವರಿ 1ರಿಂದ ಅದು ಜಾರಿಗೆ ಬಂತು. 2016ರಿಂದ ಲೈಸೆನ್ಸ್ ಇದ್ದವರು ಸೊಂಟದಲ್ಲಿ ಎಲ್ಲರಿಗೂ ಕಾಣುವಂತೆ ಕಟ್ಟಿಕೊಂಡೂ ಓಡಾಡಬಹುದಾಯಿತು. 2021ರ ಸೆಪ್ಟೆಂಬರ್ 1ರಿಂದ ಲೈಸೆನ್ಸ್ ಕೂಡ ಕಡ್ಡಾಯವಲ್ಲ. ಆ ಕಾನೂನು ಬಂದಾಗ 21 ವರ್ಷ ತುಂಬಿರಬೇಕು, ಕಾನೂನಿನ ಬೇರೆ ಅಡ್ಡಿ ಇರಬಾರದು ಅಂತಿತ್ತು, ಅಷ್ಟೇ.

ಹಾಗಾದರೆ ನನ್ನ ಅಂಗಡಿ, ನನ್ನ ಮನೆ, ನಾನು ಬಾಡಿಗೆಗೆ ಹಿಡಿದ ಹಾಲ್‌ಗೆ ಯಾರಾದರೂ ಗನ್ ತರೋದು ನನಗೆ ಇಷ್ಟವಿಲ್ಲದಿದ್ದರೆ? ಬೇಡ ಅನ್ನುವ ಹಕ್ಕು ನನಗಿದೆ. ಆದರೆ ಆ 'ಬೇಡ'ವನ್ನು ಕಾನೂನು ಹೇಳಿಕೊಟ್ಟ ಹಾಗೇ ಹೇಳಬೇಕು.

ಚಿತ್ರ ಸಾಕಾಗಲ್ವಾ?

ಇದು ನನಗೆ ಸರಿಯಾಗಿ ಅರ್ಥವಾಗಿದ್ದು ನಮ್ಮ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದ ತಯಾರಿಯಲ್ಲಿ. ಸಾಮಾನ್ಯವಾಗಿ ನಾವು ಶಾಲೆಯೊಂದರ ಆಡಿಟೋರಿಯಂ ಬಾಡಿಗೆಗೆ ತಗೋತೀವಿ. ಶಾಲೆಯ ಕಟ್ಟಡದೊಳಗೆ ಗನ್ ತರುವುದನ್ನು ಕಾನೂನೇ ನಿಷೇಧಿಸಿದೆ, ಹಾಗಾಗಿ ಈ ಪ್ರಶ್ನೆ ಬಂದೇ ಇರಲಿಲ್ಲ. ಆ ವರ್ಷ ಶಾಲೆ ಸಿಗಲಿಲ್ಲ, ಖಾಸಗಿ ಹಾಲ್ ಹಿಡಿದೆವು. ಹಾಲ್ ಮಾಲೀಕರು "ಬೋರ್ಡ್ ಬೇಕಿದ್ದರೆ ನೀವೇ ಹಾಕಿಕೊಳ್ಳಿ, ನನ್ನದೇನೂ ಅಡ್ಡಿ ಇಲ್ಲ" ಅಂದರು.

ಸಮಿತಿಯ ಹಿರಿಯರೊಬ್ಬರು ಇಪ್ಪತ್ತು ವರ್ಷದಿಂದ ಇಲ್ಲಿರುವವರು. ಅವರೇ ಮುತುವರ್ಜಿಯಿಂದ ಬೋರ್ಡ್ ಮಾಡಿಸಿಕೊಂಡು ಬಂದಿದ್ದರು. ಕೆಂಪು ವೃತ್ತ, ಒಳಗೆ ಪಿಸ್ತೂಲಿನ ಚಿತ್ರ, ಅದರ ಮೇಲೆ ಅಡ್ಡಗೆರೆ. ಕೆಳಗೆ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ 'ದಯವಿಟ್ಟು ಬಂದೂಕು ತರಬೇಡಿ'. ಹಿಂದಿನ ರಾತ್ರಿ ನಾನು ದಂಡ ಸಂಹಿತೆಯ ಆ ಕಲಮನ್ನು ಕೂತು ಓದಿದ್ದೆ. "ಸರ್, ಲೈಸೆನ್ಸ್ ಇದ್ದವರ ಮಟ್ಟಿಗೆ ಈ ಬೋರ್ಡಿಗೆ ಬೆಲೆ ಇಲ್ಲ" ಅಂದೆ.

"ಏನ್ ಮಾರಾಯಾ, ಚಿತ್ರ ನೋಡಿದ್ರೆ ಮಗುಗೂ ಅರ್ಥ ಆಗುತ್ತೆ. ಕಾನೂನಿಗೆ ಅರ್ಥ ಆಗಲ್ವಾ?" ಅಂದರು ಅವರು.

ಪ್ರಶ್ನೆ ನ್ಯಾಯವಾದದ್ದೇ. ಆದರೆ 30.06ನೇ ಕಲಂ ಹೇಳೋದು ಬೇರೆ. ಬರಹದ ಸೂಚನೆಯಲ್ಲಿ ಕಾನೂನು ಕೊಟ್ಟ ವಾಕ್ಯ ಅದೇ ಪದಗಳಲ್ಲಿ ಇರಬೇಕು. ಬೋರ್ಡ್ ಆದರೆ ಆ ವಾಕ್ಯ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇರಬೇಕು. ಅಕ್ಷರಗಳು ಕನಿಷ್ಠ ಒಂದು ಇಂಚು ಎತ್ತರ. ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಎದ್ದು ಕಾಣುವ ವ್ಯತ್ಯಾಸ. ಸಾರ್ವಜನಿಕರಿಗೆ ಸ್ಪಷ್ಟವಾಗಿ ಕಾಣುವ ಜಾಗ. ಚಿತ್ರ ಎಷ್ಟೇ ಚೆನ್ನಾಗಿರಲಿ, ಈ ವಾಕ್ಯ ಇಲ್ಲದಿದ್ದರೆ ಲೈಸೆನ್ಸ್ ಇರುವವರಿಗೆ ಸೂಚನೆ ಕೊಟ್ಟ ಹಾಗಾಗುವುದಿಲ್ಲ.

ಕೋಡ್ ಬರೆಯುವವರಿಗೆ ಇದು ಹೊಸದೇನಲ್ಲ. ಒಂದು ಸೆಮಿಕೋಲನ್ ಬಿಟ್ಟರೆ ಕಂಪೈಲರ್ ನಮ್ಮ ಸದುದ್ದೇಶ ನೋಡಿ ಸುಮ್ಮನಿರುತ್ತಾ? ಇದೂ ಹಾಗೇ.

ಇದರ ಹಿಂದೆ ತರ್ಕ ಇಲ್ಲದೇ ಇಲ್ಲ. ಗನ್ ಹಿಡಿದು ಓಡಾಡುವುದು ಇಲ್ಲಿ ಹಕ್ಕು. ಆ ಹಕ್ಕಿರುವವನು ಒಂದು ಬಾಗಿಲು ದಾಟಿದ ತಕ್ಷಣ ಅಪರಾಧಿಯಾಗುತ್ತಾನೆ ಅಂದರೆ, ಆ ಬಾಗಿಲಲ್ಲಿ ಅವನಿಗೆ ಅನುಮಾನಕ್ಕೆ ಜಾಗವಿಲ್ಲದ ಹಾಗೆ ತಿಳಿಸಿರಬೇಕು. ಮೂಲೆಯಲ್ಲಿ ಅಂಟಿಸಿದ ಸ್ಟಿಕ್ಕರ್ ಕಾಣದೆ ಒಳಗೆ ಹೋದವನನ್ನು ಪೊಲೀಸರು ಹಿಡಿಯುವಂತಾಗಬಾರದು. ಮರೆಯಲ್ಲಿಟ್ಟುಕೊಂಡು ಓಡಾಡುವ ಕಾನೂನು ಜಾರಿಯಾದ ಮರುವರ್ಷವೇ, 1997ರಲ್ಲಿ, ಈ 30.06 ಬಂತು.

ಈಗ ಒಂದು ಬೋರ್ಡ್ ಸಾಲದು. ಲೈಸೆನ್ಸ್ ಇದ್ದು ಮರೆಯಲ್ಲಿಟ್ಟುಕೊಂಡವರಿಗೆ 30.06, ಲೈಸೆನ್ಸ್ ಇದ್ದು ಕಾಣುವಂತೆ ಕಟ್ಟಿಕೊಂಡವರಿಗೆ 30.07, ಲೈಸೆನ್ಸ್ ಇಲ್ಲದೆ ತರುವವರಿಗೆ 30.05. ಎಲ್ಲಾ ಸೇರಿಸಿದರೆ ಸಣ್ಣ ಅಂಗಡಿಯ ಗಾಜಿನ ಬಾಗಿಲು ಪೂರ್ತಿ ಮುಚ್ಚಿಹೋಗುತ್ತೆ. ಎಷ್ಟೋ ಅಂಗಡಿಯವರು ಬೋರ್ಡ್ ಹಾಕದೇ ಇರೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ನಮ್ಮ ಸಮಿತಿಯಲ್ಲಿ ಇನ್ನೊಂದು ತಕರಾರೂ ಬಂತು. "ಹಬ್ಬದ ದಿನ ಮಾವಿನ ತೋರಣದ ಪಕ್ಕ ಗನ್ ವಿಷಯ ಬರೆದ ಬೋರ್ಡಾ? ಅಪಶಕುನ ಕಣ್ರೀ" ಅಂದರು ಒಬ್ಬ ಅಕ್ಕ. ಕೊನೆಗೆ ಬೋರ್ಡುಗಳನ್ನು ಬಾಗಿಲಿನ ಎರಡೂ ಬದಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆವು. ತೋರಣ ತೋರಣದ ಜಾಗದಲ್ಲೇ ಉಳಿಯಿತು.

ರಾಜ್ಯಕ್ಕೊಂದು ಅಳತೆ

ಇಡೀ ಅಮೆರಿಕಕ್ಕೆ ಒಂದೇ ನಿಯಮ ಅಂದುಕೊಳ್ಳಬೇಡಿ. ಟೆಕ್ಸಾಸ್‌ನಲ್ಲಿ ಚಿತ್ರಕ್ಕೆ ಬೆಲೆ ಇಲ್ಲ ಅಂದೆನಲ್ಲ, ಇಲಿನಾಯ್‌ನಲ್ಲಿ ಚಿತ್ರವೇ ಕಾನೂನು. ಅಲ್ಲಿಯ ರಾಜ್ಯ ಪೊಲೀಸರು ನಿಗದಿ ಮಾಡಿದ ವಿನ್ಯಾಸ: ನಾಲ್ಕಿಂಚು ಅಗಲ, ಆರಿಂಚು ಎತ್ತರ, ಬಿಳಿ ಹಿನ್ನೆಲೆ, ಕಪ್ಪು ಪಿಸ್ತೂಲು, ಅದರ ಸುತ್ತ ಕೆಂಪು ವೃತ್ತ, ಅಡ್ಡಗೆರೆ. ನಮ್ಮ ಹಿರಿಯರ ಬೋರ್ಡಿಗೆ ಸ್ವಲ್ಪ ತಿದ್ದುಪಡಿ ಮಾಡಿದ್ದರೆ ಷಿಕಾಗೊದಲ್ಲಿ ನಡೆದುಬಿಡುತ್ತಿತ್ತೋ ಏನೋ.

ಸೌತ್ ಕೆರೊಲಿನಾದ ಕಾನೂನಂತೂ ಅಡುಗೆ ಪುಸ್ತಕದ ಹಾಗಿದೆ. ಬೋರ್ಡ್ ಎಂಟಿಂಚು ಅಗಲ, ಹನ್ನೆರಡಿಂಚು ಎತ್ತರ, ಒಳಗಿನ ವೃತ್ತದ ವ್ಯಾಸ ಏಳಿಂಚು, ಬಾಗಿಲ ತಳದಿಂದ 40 ಇಂಚಿಗಿಂತ ಕೆಳಗಿರಬಾರದು, 60 ಇಂಚಿಗಿಂತ ಮೇಲಿರಬಾರದು.

ಮಿಸ್ಸೂರಿಯ ದಾರಿ ಇನ್ನೊಂದು. ಅಲ್ಲಿಯೂ ಬೋರ್ಡಿಗೆ ಅಳತೆ ಇದೆ. ಆದರೆ ಪರವಾನಗಿ ಇರುವವನು ಅದನ್ನು ಮೀರಿ ಒಳಗೆ ಬಂದದ್ದಷ್ಟಕ್ಕೇ ಅಪರಾಧವಾಗುವುದಿಲ್ಲ. ಹೊರಗೆ ಹೋಗಿ ಅಂದಾಗ ಹೋಗದೆ, ಪೊಲೀಸರನ್ನು ಕರೆಸುವ ಹಾಗಾದರೆ ಆಗ ದಂಡ. ಅಂದರೆ ಒಂದು ಕಡೆ ಬೋರ್ಡೇ ಕಾನೂನು, ಇನ್ನೊಂದು ಕಡೆ ಬೋರ್ಡ್ ಬರೀ ವಿನಂತಿ.

ವಿನಂತಿಗೂ ಸೂಚನೆಗೂ ಇರುವ ಈ ವ್ಯತ್ಯಾಸಕ್ಕೆ ದೊಡ್ಡ ಉದಾಹರಣೆ ವಾಲ್‌ಮಾರ್ಟ್. 2019ರ ಆಗಸ್ಟ್ 3ರಂದು ಎಲ್ ಪಾಸೊ ನಗರದ ಅವರ ಮಳಿಗೆಯಲ್ಲಿ ಗುಂಡಿನ ದಾಳಿಯಾಗಿ 23 ಜನ ಸತ್ತರು. ಮುಂದಿನ ತಿಂಗಳು ಕಂಪನಿ, ಗ್ರಾಹಕರು ಗನ್ ಕಾಣುವಂತೆ ಕಟ್ಟಿಕೊಂಡು ಬರಬೇಡಿ ಅಂತ ಗೌರವಪೂರ್ವಕವಾಗಿ ಕೇಳಿಕೊಂಡಿತು. ಗಮನಿಸಿ, ಕೇಳಿಕೊಂಡಿತು. ಲೈಸೆನ್ಸ್ ಇದ್ದವರು ಮರೆಯಲ್ಲಿಟ್ಟುಕೊಂಡು ಬರುವ ವಿಷಯದಲ್ಲಿ ತನ್ನ ನಿಯಮ ಬದಲಿಸಲಿಲ್ಲ.

ದೇವಸ್ಥಾನಕ್ಕೆ ಹೋಗುವವರೂ ಇದನ್ನು ತಿಳಿದಿರಬೇಕು. ಟೆಕ್ಸಾಸ್‌ನಲ್ಲಿ ಪೂಜಾಸ್ಥಳಗಳು ನಿಷೇಧಿತ ಜಾಗಗಳ ಪಟ್ಟಿಯಿಂದ 2019ರಲ್ಲಿ ಪೂರ್ತಿಯಾಗಿ ಹೊರಬಂದವು. ಈಗ ಚರ್ಚ್ ಆಗಲಿ, ಮಸೀದಿಯಾಗಲಿ, ನಮ್ಮ ದೇವಸ್ಥಾನವಾಗಲಿ, ಬೇಡ ಅನ್ನಿಸಿದರೆ ಆಡಳಿತ ಮಂಡಳಿಯೇ ಸೂಚನೆ ಕೊಡಬೇಕು. 'ಪಾದರಕ್ಷೆ ಇಲ್ಲಿ ಬಿಡಿ' ಅನ್ನುವ ಬೋರ್ಡನ್ನು ಎಲ್ಲರೂ ತಪ್ಪದೆ ಹಾಕಿರುತ್ತಾರೆ. ಇನ್ನೊಂದರ ಬಗ್ಗೆ ಒಮ್ಮೆ ಕೂತು ಮಾತಾಡುವುದು ಒಳ್ಳೆಯದು.

ಆಫೀಸಿನ ವಿಷಯವೂ ಅಷ್ಟೇ. ಕಂಪನಿ ತನ್ನ ಕಟ್ಟಡದೊಳಗೆ ಗನ್ ಬೇಡ ಅನ್ನಬಹುದು. ಆದರೆ ಲೈಸೆನ್ಸ್ ಇರುವ ಉದ್ಯೋಗಿ ಪಾರ್ಕಿಂಗ್‌ನಲ್ಲಿ ತನ್ನ ಕಾರಿನೊಳಗೆ ಬೀಗ ಹಾಕಿ ಇಟ್ಟರೆ, 2011ರ ಕಾನೂನಿನ ಪ್ರಕಾರ ಸಾಮಾನ್ಯವಾಗಿ ತಡೆಯುವಂತಿಲ್ಲ.

ಜಾಗ ಯಾರದ್ದು?

ಖಾಸಗಿ ಜಾಗದ ಮಾಲೀಕ ಬೇಡ ಅನ್ನಬಹುದು. ಸರ್ಕಾರದ ಜಾಗದಲ್ಲಿ, ಕೋರ್ಟಿನಂಥ ಕೆಲವು ಕಡೆ ಬಿಟ್ಟರೆ, ಲೈಸೆನ್ಸ್ ಇರುವವನನ್ನು ಹೀಗೆ ಬೋರ್ಡ್ ಹಾಕಿ ತಡೆಯುವಂತಿಲ್ಲ. ಹಾಗಾದರೆ ಸರ್ಕಾರದ ಜಾಗವನ್ನು ಖಾಸಗಿಯವರು ಗುತ್ತಿಗೆಗೆ ತಗೊಂಡರೆ?

ಈ ಪ್ರಶ್ನೆ ನಮ್ಮ ಊರಲ್ಲೇ ಕೋರ್ಟ್ ಮೆಟ್ಟಿಲೇರಿತು. ಟೆಕ್ಸಾಸ್ ಸ್ಟೇಟ್ ಫೇರ್ ಅಂದರೆ ಇಲ್ಲಿಯ ದಸರಾ ವಸ್ತುಪ್ರದರ್ಶನ ಅಂದುಕೊಳ್ಳಿ. ಜಾಗ ಡಾಲಸ್ ನಗರಾಡಳಿತದ್ದು, ಮೇಳ ನಡೆಸುವುದು ಲಾಭದ ಉದ್ದೇಶವಿಲ್ಲದ ಖಾಸಗಿ ಸಂಸ್ಥೆ. 2023ರ ಮೇಳದಲ್ಲಿ ಗುಂಡು ಹಾರಿ ಮೂವರು ಗಾಯಗೊಂಡರು. 2024ರಲ್ಲಿ ಸಂಸ್ಥೆ, ಪೊಲೀಸರನ್ನು ಬಿಟ್ಟು ಬೇರೆ ಯಾರೂ ಗನ್ ತರುವಂತಿಲ್ಲ ಅಂತ ಘೋಷಿಸಿತು. ರಾಜ್ಯದ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಮೊಕದ್ದಮೆ ಹೂಡಿದರು. ನಗರದ ಜಾಗವಾದ್ದರಿಂದ ಲೈಸೆನ್ಸ್ ಇರುವವರನ್ನು ತಡೆಯುವಂತಿಲ್ಲ ಅನ್ನೋದು ಅವರ ವಾದ. ಮೇಳ ಶುರುವಾಗುವ ಮುಂಚೆ ನಿಷೇಧಕ್ಕೆ ತಡೆ ಕೊಡಲು ಕೆಳಗಿನ ಕೋರ್ಟೂ ಒಪ್ಪಲಿಲ್ಲ, ಟೆಕ್ಸಾಸ್ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಆ ವರ್ಷದ ಮೇಳ ನಿಷೇಧದೊಂದಿಗೇ ನಡೆಯಿತು.

ಸುಮ್ಮನಿದ್ದರೆ ಏನರ್ಥ?

ಇದೆಲ್ಲದರ ಬುಡದಲ್ಲಿ ಒಂದೇ ಪ್ರಶ್ನೆ ಇದೆ. ಮಾಲೀಕ ಏನೂ ಹೇಳದಿದ್ದರೆ ಅದನ್ನು ಒಪ್ಪಿಗೆ ಅಂತ ತಿಳಿಯಬೇಕಾ, ನಿರಾಕರಣೆ ಅಂತಾನಾ? ನಮ್ಮ ಕೆಲಸದ ಭಾಷೆಯಲ್ಲಿ ಕೇಳೋದಾದರೆ, ಡೀಫಾಲ್ಟ್ ಯಾವುದು?

ಟೆಕ್ಸಾಸ್‌ನಲ್ಲಿ ಮೌನಂ ಸಮ್ಮತಿ ಲಕ್ಷಣಂ. ಬೋರ್ಡ್ ಇಲ್ಲ ಅಂದರೆ ಬರಬಹುದು. ಬೇಡ ಅನ್ನುವವರೇ ಬಾಯಿ ಬಿಡಬೇಕು. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬ್ರೂಯೆನ್ ಪ್ರಕರಣದಲ್ಲಿ, ಮನೆಯ ಹೊರಗೂ ಸ್ವರಕ್ಷಣೆಗೆ ಪಿಸ್ತೂಲು ಒಯ್ಯುವುದು ಸಂವಿಧಾನದತ್ತ ಹಕ್ಕು ಅಂತ ತೀರ್ಪು ಕೊಟ್ಟಿತು. ಅದಾದ ಮೇಲೆ ನ್ಯೂಯಾರ್ಕ್ ಇದೇ ಡೀಫಾಲ್ಟನ್ನು ತಿರುಗಿಸಿ ಹಾಕಿತು. 'ಗನ್ ತರಬಹುದು' ಅಂತ ಮಾಲೀಕ ಬೋರ್ಡ್ ಹಾಕಿದ್ದರೆ ಅಥವಾ ಒಪ್ಪಿಗೆ ಕೊಟ್ಟಿದ್ದರೆ ಮಾತ್ರ ಒಳಗೆ, ಇಲ್ಲದಿದ್ದರೆ ಇಲ್ಲ. 2023ರಲ್ಲಿ ಹವಾಯಿ ಕೂಡ ಇಂಥದೇ ಕಾನೂನು ಮಾಡಿತು.

ಬದಲಾದದ್ದು ಚಿಕ್ಕದಾಗಿ ಕಂಡರೂ ಪರಿಣಾಮ ದೊಡ್ಡದು. ನಮಗೆಲ್ಲ ಗೊತ್ತೇ ಇದೆ, ಮೊಬೈಲ್ ಆ್ಯಪ್‌ನ ಸೆಟ್ಟಿಂಗ್ಸ್ ಒಳಗೆ ಹೋಗಿ ಬದಲಾಯಿಸುವವರು ಎಷ್ಟು ಜನ? ಬಹುಪಾಲು ಅಂಗಡಿಯವರು ಯಾವ ಬೋರ್ಡನ್ನೂ ಹಾಕುವುದಿಲ್ಲ. ಆದ್ದರಿಂದ ಡೀಫಾಲ್ಟ್ ಯಾವ ಕಡೆಗಿದೆಯೋ ಊರು ಆ ಕಡೆಗೆ ವಾಲುತ್ತದೆ. ಜನರಿಗೆ ತೆರೆದಿರುವ ಅಂಗಡಿ-ಹೋಟೆಲುಗಳ ಮಟ್ಟಿಗೆ ನ್ಯೂಯಾರ್ಕಿನ ನಿಯಮ ನಿಲ್ಲುವುದಿಲ್ಲ ಅಂತ ಒಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು. ಇನ್ನೊಂದು ನ್ಯಾಯಾಲಯ ಹವಾಯಿಯ ನಿಯಮವನ್ನು ಎತ್ತಿಹಿಡಿಯಿತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹವಾಯಿಯ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಂಡಿತು.

ಬೋರ್ಡ್ ಏನು ಮಾಡಲಾರದು

2023ರ ಮೇ 6ರಂದು ಡಾಲಸ್‌ನ ಉತ್ತರಕ್ಕಿರುವ ಆ್ಯಲೆನ್‌ನ ಔಟ್‌ಲೆಟ್ ಮಾಲ್‌ನಲ್ಲಿ ಒಬ್ಬ ಬಂದೂಕುಧಾರಿ ಎಂಟು ಜನರನ್ನು ಕೊಂದ. ಸತ್ತವರಲ್ಲಿ ಭಾರತದಿಂದ ಬಂದ ನಮ್ಮಂಥವರೇ ಒಬ್ಬರಿದ್ದರು. ನಾವೆಲ್ಲ ಶೂ, ಬ್ಯಾಗ್ ಅಂತ ಹೋಗುತ್ತಿದ್ದ ಜಾಗ ಅದು. ಆ ರಾತ್ರಿ ಊರಿಂದ ಅಮ್ಮ ಫೋನ್ ಮಾಡಿ, "ಅಂಗಡಿಗೆ ಹೋಗ್ಬೇಡ್ರೋ, ಏನಿದ್ರೂ ಮನೆಗೇ ತರಿಸ್ಕೊಳ್ಳಿ" ಅಂದಿದ್ದಳು.

ಕೊಲ್ಲಬೇಕು ಅಂತಲೇ ಬಂದವನನ್ನು ಯಾವ ಬೋರ್ಡೂ ತಡೆಯೋದಿಲ್ಲ. ಒಂದು ಇಂಚಿನ ಅಕ್ಷರವಾಗಲಿ, ಒಂದು ಅಡಿಯ ಅಕ್ಷರವಾಗಲಿ. ಗನ್ ಹಕ್ಕಿನ ಪರವಾಗಿರುವವರು ಹೇಳುವ ಈ ಮಾತನ್ನು ನಾನು ಒಪ್ಪುತ್ತೇನೆ. ಕಾನೂನು ಪಾಲಿಸುವವನ ಕೈ ಮಾತ್ರ ಬರಿದಾಗುತ್ತದೆ ಅನ್ನೋದು ಅವರ ಮುಂದಿನ ವಾದ.

ಆದರೆ ಗನ್ನಿನಿಂದ ಆಗುವ ಅನಾಹುತವೆಲ್ಲ ಹಾಗೆ ಯೋಜನೆ ಮಾಡಿ ಬಂದದ್ದಲ್ಲ. ಪಾರ್ಕಿಂಗ್ ಜಗಳ ಇದೆ, ಕುಡಿದಾಗಿನ ಮಾತು ಇದೆ. ಕಳಚಿಟ್ಟ ಜಾಕೆಟ್ಟಿನ ಹತ್ತಿರ ಆಡುವ ಮಗು ಇದೆ. ಬೋರ್ಡ್ ಇರುವುದು ನಿಯಮ ಪಾಲಿಸುವ ಸಾಮಾನ್ಯ ಮನುಷ್ಯನಿಗೆ. ನಮ್ಮ ಯುಗಾದಿಯ ದಿನ ನಡೆದದ್ದೂ ಅದೇ. ಸದಸ್ಯರೊಬ್ಬರ ಗೆಳೆಯ, ಇಲ್ಲಿಯವನೇ, ಬಾಗಿಲಲ್ಲಿ ನಿಂತು ಬೋರ್ಡ್ ಓದಿದ. ಸುಮ್ಮನೆ ಕಾರಿನತ್ತ ವಾಪಸ್ ಹೋಗಿ, ಐದು ನಿಮಿಷ ಬಿಟ್ಟು ನಗುತ್ತಾ ಬಂದ. ನಾವು ಕೊಟ್ಟ ಬೇವು-ಬೆಲ್ಲ ತಿಂದು ಮುಖ ಕಿವುಚಿದ. ಯಾರೂ ಏನೂ ಕೇಳಲಿಲ್ಲ. ಬೋರ್ಡಿಗೆ ಇಷ್ಟು ಬೆಲೆ ಇದ್ದರೆ ನನಗೆ ಸಾಕು.

ಬಾಯಿಮಾತಿಗೂ ಬೆಲೆ ಇದೆ

ಆ ಕಲಂ ಓದುವಾಗ ನನಗೆ ಅತಿ ಮುಖ್ಯ ಅನ್ನಿಸಿದ್ದು ಬೋರ್ಡಿನ ಭಾಗವೇ ಅಲ್ಲ. ಸೂಚನೆಯನ್ನು ಬಾಯಲ್ಲಿ ಕೊಟ್ಟರೂ ನಡೆಯುತ್ತದೆ. ಅದಕ್ಕೆ ಅಕ್ಷರದ ಅಳತೆ ಇಲ್ಲ, ಸ್ಪ್ಯಾನಿಷ್ ಬೇಕಿಲ್ಲ. ಅಷ್ಟೇ ಅಲ್ಲ, ಬೋರ್ಡ್ ಮೀರಿ ಒಳಗೆ ಬಂದರೆ ಹೆಚ್ಚೆಂದರೆ 200 ಡಾಲರ್ ದಂಡ. ಎದುರಿಗೆ ನಿಂತು ಹೇಳಿದ ಮೇಲೂ ಹೊರಗೆ ಹೋಗದಿದ್ದರೆ ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ ಆಗಬಹುದು. ಅಂದರೆ ಕಾನೂನಿನ ಕಣ್ಣಲ್ಲಿ ಗೋಡೆಯ ಬರಹಕ್ಕಿಂತ ಮನುಷ್ಯನ ಮಾತಿಗೆ ತೂಕ ಜಾಸ್ತಿ.

ಹೇಳಬೇಕಾದವರು ಜಾಗದ ಒಡೆಯರು ಅಥವಾ ಅವರ ಪರವಾಗಿ ಮಾತಾಡುವ ಅಧಿಕಾರ ಇದ್ದವರು. ಒಡೆಯ ಅಂದರೆ ಕ್ರಯಪತ್ರದಲ್ಲಿ ಹೆಸರಿರುವವನೇ ಆಗಬೇಕಿಲ್ಲ. ಜಾಗ ಯಾರ ಸ್ವಾಧೀನದಲ್ಲಿದೆಯೋ ಅವರನ್ನೂ ಟೆಕ್ಸಾಸ್ ದಂಡ ಸಂಹಿತೆ ಒಡೆಯ ಅನ್ನುತ್ತದೆ. ಬಾಡಿಗೆ ಮನೆಯವರೂ ಹೇಳಬಹುದು.

ಇದು ನಮ್ಮಂಥವರಿಗೆ ಸಣ್ಣ ವಿಷಯ ಅಲ್ಲ. ನಾನು ಎಚ್-1ಬಿ ವೀಸಾದ ಮೇಲೆ ಇರುವವನು. ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ನನ್ನಂಥವರು ಗನ್ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ. ಇಲ್ಲಿ ನನಗೆ ಮತ ಇಲ್ಲ. ಗನ್ ಕಾನೂನು ಹೇಗಿರಬೇಕು ಅಂತ ನನ್ನನ್ನು ಯಾರೂ ಕೇಳುವುದಿಲ್ಲ. ಆದರೆ ನನ್ನ ಹೊಸ್ತಿಲ ವಿಷಯದಲ್ಲಿ ನನ್ನ ಮಾತು ನಡೆಯುತ್ತದೆ.

ನಡೆಯುತ್ತದೆ ಅಂತ ಗೊತ್ತಿದ್ದರೂ ಹೇಳೋದು ಸುಲಭವಲ್ಲ. ಹೋದ ವರ್ಷ ನಾವು ಗೃಹಪ್ರವೇಶ ಮಾಡಿದೆವು. ಆಫೀಸಿನವರನ್ನೆಲ್ಲ ಕರೆದಿದ್ದೆ. ಅದರಲ್ಲಿ ಒಬ್ಬ ಯಾವಾಗಲೂ ಪಿಸ್ತೂಲು ಇಟ್ಟುಕೊಂಡೇ ಓಡಾಡುವವನು ಅಂತ ಗೊತ್ತಿತ್ತು. ಒಳ್ಳೆಯ ಮನುಷ್ಯ, ನನಗೆ ಕೆಲಸದಲ್ಲಿ ಎಷ್ಟೋ ಸಹಾಯ ಮಾಡಿದವನು. ಮನೆಗೆ ಕರೆದ ಅತಿಥಿಗೆ 'ಅದನ್ನು ಬಿಟ್ಟು ಬಾ' ಅನ್ನೋದು ಹೇಗೆ? ಊಟಕ್ಕೆ ಕೂತವರಿಗೆ ಸಾಕು ಅಂತ ಕೂಡ ಹೇಳದೆ ಬೆಳೆದವರು ನಾವು.

"ಮಗಳಿಗೆ ಮೂರು ವರ್ಷ. ಬಂದವರ ಮಡಿಲಲ್ಲೆಲ್ಲ ಹತ್ತಿ ಕೂರ್ತಾಳೆ. ನೀವು ಹೇಳದಿದ್ರೆ ನಾನೇ ಹೇಳ್ತೀನಿ" ಅಂದಳು ಹೆಂಡತಿ.

ಹಿಂದಿನ ದಿನ ಮೆಸೇಜ್ ಮಾಡಿದೆ. ಮನೆಯಲ್ಲಿ ಪುಟ್ಟ ಮಗು ಇದೆ, ಒಳಗೆ ಗನ್ ಇಲ್ಲದಿದ್ದರೆ ನಮಗೆ ನೆಮ್ಮದಿ, ಬೇಸರ ಮಾಡಿಕೊಳ್ಳಬೇಡ ಅಂತ. ಎರಡು ನಿಮಿಷದಲ್ಲಿ ಉತ್ತರ ಬಂತು. ಖಂಡಿತ, ಮೊದಲೇ ಹೇಳಿದ್ದು ಒಳ್ಳೆಯದಾಯಿತು ಅಂದ. ಬಂದ, ಬರಿಗಾಲಲ್ಲಿ ಪೂಜೆಗೆ ಕೂತ. ಮಗಳು ಅವನ ತೊಡೆಯ ಮೇಲೆ ಕೂತು ಹೋಳಿಗೆ ತಿಂದಳು.

ಹಾಗಾಗಿ ಈ ಕಡೆ ಬರುವವರಿಗೆ, ಈಗಾಗಲೇ ಇಲ್ಲಿರುವವರಿಗೆ ನನ್ನದು ಎರಡು ಮಾತು. ಸಂಘಕ್ಕೋ ದೇವಸ್ಥಾನಕ್ಕೋ ಅಂಗಡಿಗೋ ಬೋರ್ಡ್ ಹಾಕುವುದಿದ್ದರೆ ಸಿಕ್ಕಿದ ಚಿತ್ರ ಪ್ರಿಂಟ್ ಹಾಕಿಸಬೇಡಿ. ನಿಮ್ಮ ರಾಜ್ಯದ ಕಾನೂನಿನಲ್ಲಿ ಏನಿದೆ ನೋಡಿ, ಅದೇ ಪದ, ಅದೇ ಅಳತೆಯಲ್ಲಿ ಹಾಕಿಸಿ. ಅನುಮಾನ ಇದ್ದರೆ ವಕೀಲರನ್ನು ಕೇಳಿ. ಮನೆಯ ವಿಷಯದಲ್ಲಿ ಬೋರ್ಡ್ ಹುಡುಕುತ್ತಾ ಕೂರಬೇಡಿ, ಬಾಯಿಬಿಟ್ಟು ಹೇಳಿ. ನಿಮ್ಮ ಮಗು ಬೇರೆಯವರ ಮನೆಗೆ ಆಡಲು ಹೋಗುವಾಗಲೂ ಕೇಳಿ, ಮನೆಯಲ್ಲಿ ಗನ್ ಇದೆಯಾ, ಬೀಗ ಹಾಕಿ ಇಟ್ಟಿದ್ದೀರಾ ಅಂತ. ಅಲರ್ಜಿ ಇದೆಯಾ, ನಾಯಿ ಇದೆಯಾ ಅಂತ ಕೇಳ್ತೀವಲ್ಲ, ಅದರ ಜೊತೆಗೇ ಇದೂ ಒಂದು.